ಬಸಿಗೆ ನಾವಿಟ್ಟ ಹೆಸರು

ಗುಂಡ್ಲುಪೇಟೆ
15 ಜೂನ್ 2025, ಭಾನುವಾರ

ಪ್ರೀತಿಯ ಶಾಂತಿ,

ನೀನು, ನಿನ್ನ ಮನೆಯವರು, ಮಗಳು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ರಾಯಚೂರಿನಲ್ಲಿ ಮಳೆ ಬಂತೇ? ಇಲ್ಲಿ ಮೇ ತಿಂಗಳಲ್ಲೇ ಶುರುವಾಗಿ, ನಿಂತು, ಮತ್ತೆ ಶುರುವಾಗಿದೆ. ನಮ್ಮ ಶಾಲೆ ತೆರೆದಿದೆ. ಹತ್ತನೇ ತರಗತಿಯವರಿಗೆ ಈ ವರ್ಷವೂ ವಿಜ್ಞಾನ ನನ್ನದೇ.

ತಡವಾಯಿತು, ಕ್ಷಮಿಸು. ನಿನಗೆ ಯುಗಾದಿಯ ಹೊತ್ತಿಗೇ ಬರೆಯಬೇಕಾಗಿತ್ತು. ಶುರುಮಾಡಿದ್ದನ್ನು ಹರಿದುಹಾಕಿದೆ, ಮತ್ತೆ ಶುರುಮಾಡಿ ಮತ್ತೆ ಹರಿದೆ. ಫೋನ್ ಮಾಡಿದಾಗ ನೀನು "ಡ್ಯೂಟಿಲಿದೀನಿ, ಆಮೇಲೆ ಮಾಡ್ತೀನಿ" ಅಂತ ಮೆಸೇಜ್ ಹಾಕಿದೆ. ಆ ಆಮೇಲೆ ಇನ್ನೂ ಬಂದಿಲ್ಲ. ದೂರುತ್ತಿಲ್ಲ, ಆಸ್ಪತ್ರೆಯ ವಾರ್ಡಿನಲ್ಲಿ ನಿನ್ನ ಕೆಲಸ ಎಂಥದ್ದು ಅಂತ ಗೊತ್ತು. ಆದರೆ ನಿನ್ನ ತಮ್ಮ ಮಹಾಲಿಂಗ ಊರಿನ ವಿಷಯ ನಿನಗೆ ಎಷ್ಟು ಹೇಳಿದ್ದಾನೆ, ಹೇಗೆ ಹೇಳಿದ್ದಾನೆ ಅನ್ನುವುದು ನನಗೆ ತಿಳಿಯದು. ಫೋನಿನಲ್ಲಿ ಮಾತಾಡಿದರೆ ನಾನು ನಡುವೆ ಎಲ್ಲೋ ಸಿಕ್ಕಿಕೊಂಡು, ನನ್ನನ್ನು ನಾನೇ ಸಮರ್ಥಿಸಿಕೊಳ್ಳಲು ಶುರುಮಾಡುತ್ತೇನೆ. ಕಾಗದದಲ್ಲಾದರೆ ಹೊಡೆದುಹಾಕಬಹುದು.

ನಿನಗೆ ಕನ್ನಡದಲ್ಲಿ ಬರೆಯುವಾಗ ಈಗಲೂ ಕೈ ಸ್ವಲ್ಪ ತಡೆಯುತ್ತದೆ. ತಿದ್ದಿ ವಾಪಸ್ ಕಳಿಸಿಬಿಡುತ್ತೀಯೇನೋ ಅಂತ. ರಜೆಗೆ ಮೈಸೂರಿನ ಹಾಸ್ಟೆಲಿನಿಂದ ಊರಿಗೆ ಬಂದವಳು ನಾನು "ಹಲ್ಲ" ಅಂತ ಬರೆದಾಗ, ನೀನು ಒದ್ದೆ ಮಣ್ಣಿನ ಮೇಲೆ ಕಡ್ಡಿಯಿಂದ ದೊಡ್ಡದಾಗಿ ಳ ಬರೆದು, "ಇದು ನಿಮ್ ಕಾನ್ವೆಂಟಲ್ಲಿ ಇಲ್ವಾ? ಪಾಪ" ಅಂದಿದ್ದೆ. ಇದನ್ನು ಯಾಕೆ ನೆನೆಸಿಕೊಂಡೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ವಿಷಯ ಇಷ್ಟು. ನಿಮ್ಮವ್ವನ ಮನೆಯ ಹಿಂದಿನ ಗೋಡೆಗೆ, ಒಲೆ ಇರುವ ಕಡೆಯ ಗೋಡೆಗೆ, ಸರ್ವೆಯವರು ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದಾರೆ. ಹಳ್ಳದ ಜಾಗ ಒತ್ತುವರಿಯಾಗಿದೆ, ಯಾಕೆ ತೆರವು ಮಾಡಿಸಬಾರದು ಅಂತ ಕೇಳಿ ನೋಟಿಸ್ ಬಂದಿದೆ. ಜಮೀನು ನಿಮ್ಮಿಬ್ಬರ ಹೆಸರಿನಲ್ಲಿ ಜಂಟಿಯಾಗಿರುವುದರಿಂದ ಮಹಾಲಿಂಗನ ಹೆಸರಿನ ಜೊತೆ ನಿನ್ನ ಹೆಸರೂ ಅದರಲ್ಲಿದೆ. ಇದಕ್ಕೆ ಕಾರಣ ನಾನು ಕೊಟ್ಟ ಒಂದು ಅರ್ಜಿ. ಮಹಾಲಿಂಗ ಇಷ್ಟನ್ನು ಹೇಳಿದ್ದರೆ ಅವನು ಹೇಳಿದ್ದು ನಿಜ.

ಈಗ ಮೊದಲಿನಿಂದ ಹೇಳುತ್ತೇನೆ.

ನಮ್ಮ ಹೊಲಕ್ಕೂ ನಿಮ್ಮ ಜಮೀನಿಗೂ ನಡುವೆ ಹೋಗುವ ಬಸಿಗಾಲುವೆ ನಿನಗೆ ಗೊತ್ತಲ್ಲ. ಕೆಳಗೆ ಕೆರೆಗೆ ಸೇರುವ ಮುಂಚೆ ಅದರ ಬಾಯಿಗೆ ಅಡ್ಡವಾಗಿ ರಸ್ತೆ ಇದೆ. ಆ ರಸ್ತೆಯನ್ನು ಎತ್ತರಿಸಿ ಕಾಂಕ್ರೀಟ್ ಹಾಕಿದ ಮೇಲೆ ಅದರಡಿಯ ಮೋರಿ ಸಣ್ಣದಾಯಿತು. ಕಳೆದ ಅಕ್ಟೋಬರಿನ ಮಳೆಯಲ್ಲಿ ನೀರು ಮುಂದಕ್ಕೆ ಹೋಗದೆ ಹಿಂದಕ್ಕೆ ಒತ್ತಿ, ನಮ್ಮ ಅರಿಶಿನದ ಕೆಳಗಿನ ತುಂಡಿನಲ್ಲಿ ನಿಂತುಬಿಟ್ಟಿತು. ಗೆಡ್ಡೆ ಕೊಳೆತ ವಾಸನೆ ಮನೆಯ ಜಗಲಿಯವರೆಗೂ ಬರುತ್ತಿತ್ತು. ನಮ್ಮ ಮೃತ್ಯುಂಜಯಣ್ಣ ಹೊಲದ ಬದುವಿನ ಮೇಲೆ ನಿಂತು, "ಜೆಸಿಬಿ ತರ್ಸಿ ಬಸಿನ ಅಗಲ ಮಾಡಿ ಒಂದೇ ನ್ಯಾರಕ್ಕೆ ಎಳ್ದುಬುಡ್ತೀನಿ. ಬೆಳಿಗ್ಗೆ ಶುರುಮಾಡುದ್ರೆ ಮದ್ಯಾನಕ್ಕೆ ಮುಗೀತು" ಅಂದ.

ನೇರ ಅಂದರೆ ಹೇಗೆ? ಬಸಿ ಈಗ ನಿಮ್ಮ ನುಗ್ಗೆಮರದ ಹತ್ತಿರ ಬಳಸಿಕೊಂಡು ಹೋಗುತ್ತದೆ. ಆ ತಿರುವನ್ನು ತೆಗೆದರೆ ನೀರೆಲ್ಲ ನೆಟ್ಟಗೆ ನಿಮ್ಮವ್ವನ ಹಿತ್ತಲ ಗೋಡೆಯ ಬುಡಕ್ಕೆ ಬಡಿಯುತ್ತದೆ. ನಾನು ಅದನ್ನೇ ಹೇಳಿದೆ. ಅಣ್ಣ, "ಅವ್ರೂ ಒಂದೆರಡು ಕಲ್ಲು ಇಟ್ಕತಾರೆ ಬುಡು" ಅಂದ. ಆಗ ನಾನು, "ಸರ್ಕಾರದ ಅನುಮತಿ ಇಲ್ಲದೆ ಬೇಡ. ಅಳತೆಯಾಗಲಿ. ಯಾವ ಕಡೆ ಎಷ್ಟು ಅಗಲ ಮಾಡಬಹುದು ಅಂತ ಅವರೇ ಹೇಳಲಿ" ಅಂದೆ. ಅಳತೆಯಾದರೆ ನಿಮ್ಮವ್ವನ ಗೋಡೆ ಉಳಿಯುತ್ತದೆ ಅನ್ನುವುದು ನನ್ನ ಲೆಕ್ಕ. ಕಾನೂನಿನ ಹೆಸರು ಹೇಳಿದರೆ ಅಣ್ಣ ಸುಮ್ಮನಾಗುತ್ತಾನೆ ಅನ್ನುವುದೂ ಇತ್ತು.

"ಸರಿ ಕಣಮ್ಮಿ, ಓದ್ದೋಳು ನೀನು, ನೀನೇ ಬರ್ದುಕೊಡು" ಅಂದ.

ಬರೆದೆ. ಚೆನ್ನಾಗಿ ಬರೆದೆ ಅಂತಲೇ ಅಂದುಕೊಂಡೆ. "ನಮ್ಮ ಜಮೀನಿನ ಅಂಚಿನಲ್ಲಿ ಹರಿಯುವ ಹಳ್ಳವನ್ನು ಅಗಲಗೊಳಿಸಲು ಅನುಮತಿ ನೀಡಬೇಕಾಗಿ ವಿನಂತಿ." ಹಳ್ಳ. ಇಡೀ ಊರು ಬಸಿ ಅನ್ನುತ್ತದೆ. ಅನ್ನ ಬಸಿದ ಹಾಗೆ ಹೊಲದ ನೀರನ್ನು ಬಸಿಯಲು ನಮ್ಮ ಮುತ್ತಜ್ಜ ತೋಡಿಸಿದ್ದು ಅನ್ನುತ್ತಾರೆ. ಆದರೆ ನನ್ನ ಬಾಯಿಗೆ ಆ ಮಾತು ಯಾವತ್ತೂ ಬಂದಿಲ್ಲ. ನನಗೆ ಅದು ಹಳ್ಳ. ನೀನೂ ನಾನೂ ರಜೆಯಲ್ಲೆಲ್ಲ ಕೂತು ಕಾಲು ಇಳಿಬಿಟ್ಟುಕೊಂಡು, ಕಡಲೆಕಾಯಿ ಸುಲಿದುಕೊಂಡು ತಿಂದು, ಸಿಪ್ಪೆಯನ್ನು ದೋಣಿ ಮಾಡಿ ಬಿಟ್ಟ ನಮ್ಮ ಹಳ್ಳ. ಅದಕ್ಕೆ ಬೇರೆ ಹೆಸರಿದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಅಕ್ಷರ ಮಾತ್ರ ತಪ್ಪಲಿಲ್ಲ. ಳಕ್ಕೆ ಳ ಒತ್ತು ಸರಿಯಾಗಿ ಕೊಟ್ಟೆ.

ಆಮೇಲೆ ಆದದ್ದನ್ನು ನಾನು ಇನ್ನೂ ಪೂರ್ತಿ ಅರ್ಥ ಮಾಡಿಕೊಂಡಿಲ್ಲ. ಅರ್ಜಿ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಯಿತು. ಪಂಚಾಯಿತಿಯಲ್ಲಿ, "ಹಳ್ಳ ನಮ್ಮದಲ್ಲ, ಕಂದಾಯದವರದು" ಅಂದರು. ಅಲ್ಲಿ ಕೇಳಿದರೆ, "ಜಾಗ ನಮ್ಮದು, ಆದರೆ ಅಗಲ ಮಾಡೋದು ನೀರಾವರಿಯವರು ಹೇಳಬೇಕು" ಅಂದರು. ನೀರಾವರಿಯವರು, "ಇದು ನಮ್ಮ ಪಟ್ಟಿಯಲ್ಲೇ ಇಲ್ಲವಲ್ಲ ಮೇಡಂ, ಹಳ್ಳ ಅಂತ ಯಾರು ಹೇಳಿದ್ದು?" ಅಂದರು. ನಾನು ಅಂತ ಹೇಳಲು ಸಂಕೋಚವಾಯಿತು. "ಹೊಲದ ನೀರು ಬಸಿಯುವ ಕಾಲುವೆ ಆದ್ರೆ ನಿಮ್ಮ ಸ್ವಂತದ್ದು, ಅಕ್ಕಪಕ್ಕದವರು ಒಪ್ಪಿದ್ರೆ ಸಾಕು" ಅಂತ ಒಬ್ಬರು. "ಎರಡು ಸರ್ವೆ ನಂಬರಿನ ನಡುವೆ ಇದ್ರೆ ಹಾಗಾಗಲ್ಲ" ಅಂತ ಇನ್ನೊಬ್ಬರು. ಯಾರೂ ಒರಟಾಗಿ ಮಾತಾಡಲಿಲ್ಲ. ಒಬ್ಬರಂತೂ ಕುರ್ಚಿ ಕೊಟ್ಟು ಚಹಾ ತರಿಸಿದರು. ಚಾಮರಾಜನಗರಕ್ಕೆ ಹೋದಾಗಲೆಲ್ಲ ನನಗೆ ಎಲ್ಲ ಸ್ಪಷ್ಟವಾದಂತೆ ಆಗುತ್ತಿತ್ತು. ಗುಂಡ್ಲುಪೇಟೆಯ ಬಸ್ಸು ತೆರಕಣಾಂಬಿ ದಾಟುವಷ್ಟರಲ್ಲಿ ಮತ್ತೆ ಕಲಸಿಹೋಗುತ್ತಿತ್ತು.

ಕೊನೆಗೆ ಅಳತೆಗೆ ಬಂದರು. ಶಂಕರ್ ಅನ್ನುವ ಸರ್ವೆಯರ್, ನಿಧಾನದ ಮನುಷ್ಯ. ಹಳೆಯ ಗ್ರಾಮ ನಕಾಶೆಯಲ್ಲಿ ಆ ಜಾಗದಲ್ಲಿ ಒಂದು ಗೆರೆ ಇದೆ. ಬದುವಿನ ಗೆರೆಯೋ ಹಳ್ಳದ ಗೆರೆಯೋ ಹೇಳಲಾಗುವುದಿಲ್ಲ, ಅಷ್ಟು ಮಾಸಿದೆ. "ಅರ್ಜಿದಾರರೇ ಹಳ್ಳ ಅಂತ ಬರ್ದಿದೀರಲ್ಲ, ಹಂಗೇ ತಗೊಂಡು ಅಳೀತೀನಿ" ಅಂದರು. ಹಳ್ಳ ಅಂದರೆ ಬಿ ಖರಾಬು. ದಾರಿ, ಸ್ಮಶಾನ ಇದ್ದ ಹಾಗೆ ಸರ್ಕಾರಿ ಜಾಗ. ಅದಕ್ಕೆ ಎರಡೂ ಕಡೆ ಇಷ್ಟು ಅಂತ ಅಂಚು ಬಿಡಬೇಕು. ಆ ಅಂಚು ನಮ್ಮ ಕಡೆ ಅರಿಶಿನದ ಒಂದು ಸಾಲನ್ನು ತಿಂದಿತು. ನಿಮ್ಮ ಕಡೆ ದನದ ಕೊಟ್ಟಿಗೆ, ನುಗ್ಗೆಮರ, ಒಲೆಯ ಗೋಡೆ.

ನಾನು ಕಚೇರಿಗೆ ಓಡಿದೆ. "ಅರ್ಜಿ ವಾಪಸ್ ತಗೊಳ್ತೀನಿ" ಅಂದೆ.

ಅಲ್ಲಿದ್ದ ಗುಮಾಸ್ತರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅರ್ಜಿನ ವಾಪಸ್ ತಗೋಬೋದು ಮೇಡಂ. ಹಳ್ಳನ ಹೆಂಗೆ ವಾಪಸ್ ತಗೊತೀರ?"

ಪಕ್ಕದಲ್ಲಿ ಯಾರೋ ನಕ್ಕರು. ನನಗೂ ನಗು ಬಂತು ಶಾಂತಿ, ಅದೇ ನನಗೆ ಆಶ್ಚರ್ಯ.

ನೋಟಿಸ್ ಬಂದ ದಿನ ನಾನು ನಿಮ್ಮ ಮನೆಗೆ ಹೋದೆ. ನಿಮ್ಮವ್ವ ಗೋಡೆಯ ಕೆಂಪು ಗುರುತನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದರು. "ಯುಗಾದಿಗೆ ಸುಣ್ಣ ಒಡ್ದಿದ್ದೆ ಕಣವ್ವ. ಇದ್ಯಾವ ಬಣ್ಣವೋ, ಓಗದೇ ಇಲ್ಲ" ಅಂದರು. ಸುಣ್ಣದ ಮಾತು ಬಿಟ್ಟು ಬೇರೆ ಮಾತು ತೆಗೆಯಲಿಲ್ಲ. ಮಹಾಲಿಂಗ ಬಾಗಿಲಲ್ಲಿ ನಿಂತಿದ್ದ. ಬ್ಯಾಂಕಿನಿಂದ ಆಗತಾನೆ ಬಂದಿದ್ದ, ಸಮವಸ್ತ್ರದಲ್ಲೇ ಇದ್ದ. "ಬನ್ನಿ ಅಕ್ಕಾ, ಕೂತ್ಕಳಿ. ಕೂತ್ಕಳದು ಸರ್ಕಾರಿ ಜಾಗದಲ್ಲಿ ಕೂತ್ಕಬೇಕಾಯ್ತದೆ, ಪರವಾಗಿಲ್ವಾ?" ಅಂದ.

ನಾನು, ನನ್ನಿಂದ ತಪ್ಪಾಯಿತು, ಇನ್ನೊಂದು ಅರ್ಜಿ ಬರೆದು ಸರಿಮಾಡಿಸುತ್ತೇನೆ ಅಂದೆ.

"ಬರೀರಿ ಬರೀರಿ. ಈ ಸಲ ನಮ್ಮಟ್ಟಿ ಮನೆನೇ ಅಲ್ಲ, ನುಗ್ಗೆಮರದ ನೆಳ್ಳು ಅಂತ ಬರ್ದುಬುಡಿ. ಪೂರ್ತಿ ಮುಗೀತದೆ."

"ಸುಮ್ನಿರ್ಲಾ" ಅಂದರು ನಿಮ್ಮವ್ವ. ನನಗೆ ಮಜ್ಜಿಗೆ ಕೊಟ್ಟರು. ಒಂದೇ ಉಸಿರಿಗೆ ಕುಡಿದು ಎದ್ದು ಬಂದೆ. ಯಾಕೆ ಅಂತ ಈಗಲೂ ಯೋಚಿಸುತ್ತೇನೆ. ನಾಚಿಕೆಯೋ, ಅನ್ಯಾಯವಾಗಿ ಬೈಸಿಕೊಂಡೆ ಅನ್ನುವ ಸಿಟ್ಟೋ. ಎರಡೂ ಇತ್ತು ಅನ್ನಿಸುತ್ತದೆ.

ಇವತ್ತಿಗೆ ಇಷ್ಟು ಸಾಕು. ಈ ವಾರ ಸ್ಥಳ ತನಿಖೆಗೆ ಮತ್ತೆ ಬರುತ್ತಾರೆ. ಅದು ಆದಮೇಲೆ ಉಳಿದದ್ದನ್ನು ಬರೆದು ಒಟ್ಟಿಗೆ ಕಳಿಸುತ್ತೇನೆ.

22 ಜೂನ್, ಭಾನುವಾರ

ಶಾಂತಿ, ತನಿಖೆ ಆಯಿತು. ನಾನು ಶಾಲೆಗೆ ರಜೆ ಹಾಕಿ ಹೋಗಿದ್ದೆ. ಹರವೆಯಲ್ಲಿ ಬಸ್ಸಿಳಿದು ಆಟೋ ಹಿಡಿದು ತಲುಪುವಷ್ಟರಲ್ಲಿ ಎಲ್ಲರೂ ಬಸಿಯ ದಡದಲ್ಲಿ ಸೇರಿದ್ದರು. ಶಂಕರ್ ಒಂದು ಮಡಿಸುವ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಮಹಜರು ಬರೆಯುತ್ತಿದ್ದರು. ಇದು ಹಳ್ಳವೋ, ತೋಡಿಸಿದ ಬಸಿಗಾಲುವೆಯೋ ಅಂತ ಊರಿನ ಹಿರಿಯರ ಹೇಳಿಕೆ ಪಡೆಯಬೇಕಂತೆ. ಹಿರಿಯರು ಅಂದರೆ ನಮ್ಮ ದೊಡ್ಡಪ್ಪ ದೊಡ್ಡಮಲ್ಲಪ್ಪ, ಮತ್ತು ನಿಮ್ಮವ್ವ. ಬಸಿಯ ಎರಡೂ ಕಡೆಯಲ್ಲಿ ಈಗ ಉಳಿದಿರುವ ಹಳಬರು ಅವರಿಬ್ಬರೇ.

ದೊಡ್ಡಪ್ಪನಿಗೆ ನಾನು ಹಿಂದಿನ ದಿನವೇ ಫೋನಿನಲ್ಲಿ ಹೇಳಿಕೊಟ್ಟಿದ್ದೆ. ಬಸಿ ಅಂತ ಮಾತ್ರ ಹೇಳಿ, ನಮ್ಮ ಮುತ್ತಜ್ಜ ತೋಡಿಸಿದ್ದು ಅಂತ ಹೇಳಿ, ಇನ್ನೇನೂ ಬೇಡ. ಅವರು ಸರಿಯಾಗಿಯೇ ಶುರುಮಾಡಿದರು. "ಬಸಿ ಕಣಪ್ಪ ಇದು. ನಮ್ಮ ತಾತ ತೋಡ್ಸಿದ್ದು, ಗುದ್ಲಿ ಇಡಿದು."

"ಸುಮಾರಾಗಿ ಎಷ್ಟು ನೀರು ಬರ್ತಿತ್ತು ಯಜಮಾನ್ರೆ?"

ಅಲ್ಲಿ ಕೆಟ್ಟಿತು. ತಮ್ಮ ತಾತ ತೋಡಿಸಿದ್ದು ಸಣ್ಣದು ಅಂತ ಹೇಳಲು ದೊಡ್ಡಪ್ಪನಿಗೆ ಮನಸ್ಸಾಗಲಿಲ್ಲ. "ಎಷ್ಟು ಅಂದೀಯ? ನಾನು ಸಣ್ಣೈದ ಆಗಿದ್ದಾಗ ಒಂದು ಎಮ್ಮೆನೇ ಕೊಚ್ಕೊಂಡು ಓಗಿತ್ತು ಕಣ್ಲಾ! ಕೆರೆ ತಾವ ಸಿಕ್ತು. ಈಗಿನ ಬಸಿ ಒಂದು ಬಸಿಯಾ?"

ಶಂಕರ್ ಪೆನ್ನು ನಿಲ್ಲಿಸಿ, "ಎಮ್ಮೆ ಕೊಚ್ಕೊಂಡು ಹೋಗೋವಷ್ಟು ನೀರು ಅಂದ್ರೆ..." ಅಂತ ನನ್ನ ಕಡೆ ನೋಡಿದರು.

"ಕರ ಅದು, ಎಮ್ಮೆ ಎಲ್ಲಿ ಬಂತು" ಅಂದ ಅಣ್ಣ.

"ನೀನು ಉಟ್ಟೇ ಇರ್ಲಿಲ್ಲ, ನಿಂಗೇನ್ಲಾ ಗೊತ್ತು? ಎಮ್ಮೆನೇ. ತುಂಬಿದ ಎಮ್ಮೆ."

ಎಲ್ಲರೂ ನಕ್ಕರು. ಮಹಾಲಿಂಗ ಕೂಡ. ಎಮ್ಮೆ ಮಹಜರಿಗೆ ಸೇರಿತು.

ಆಮೇಲೆ ನಿಮ್ಮವ್ವನನ್ನು ಕೇಳಿದರು. ಅವರಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಧೈರ್ಯವಿರಲಿಲ್ಲ. "ಇದನ್ನ ಊರಲ್ಲಿ ಏನಂತ ಕರೀತೀರಮ್ಮ?" ಅಂದರು ಶಂಕರ್.

"ಬಸಿ."

"ಯಾರಾದ್ರೂ ಹಳ್ಳ ಅಂತ ಕರೆದದ್ದುಂಟಾ?"

ನಿಮ್ಮವ್ವ ಯೋಚಿಸಿದರು. ಸುಮ್ಮನೆ ಇಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೇಳಿದ್ದಕ್ಕೆ ಸರಿಯಾಗಿ ನೆನಪು ಮಾಡಿಕೊಂಡು ಹೇಳುವವರು ಅವರು. ನನ್ನ ಕಡೆ ಕೈ ತೋರಿಸಿ, "ಇದ್ರೆ ಈವಮ್ಮ, ನಮ್ ಶಾಂತಿ. ಇಬ್ರೂ ಚಿಕ್ಕೂಸ್ಗಳಾಗಿದ್ದಾಗ ಹಳ್ಳ ಹಳ್ಳ ಅಂತಿದ್ವು" ಅಂದರು. ಮುಂದೆ ಇನ್ನೂ ಏನೋ ಹೇಳಿದರು. ಅದನ್ನು ಶಂಕರ್ ಬರೆದುಕೊಳ್ಳಲಿಲ್ಲ. ಬರೆದದ್ದು ಇಷ್ಟು: "ಸ್ಥಳೀಯರಲ್ಲಿ ಕೆಲವರು ಹಳ್ಳವೆಂದೂ ಕರೆಯುತ್ತಿದ್ದುದು ಕಂಡುಬಂದಿದೆ."

ಸ್ಥಳೀಯರಲ್ಲಿ ಕೆಲವರು. ಅದು ನೀನು ಮತ್ತು ನಾನು.

ಈಗ ನನ್ನ ಗೊಂದಲ ಏನು ಅಂತ ಹೇಳುತ್ತೇನೆ, ನೀನು ತಲೆ ತಣ್ಣಗಿಟ್ಟು ಯೋಚಿಸುವವಳು. ಇದು ಹಳ್ಳ ಅಂತ ತೀರ್ಮಾನವಾದರೆ ನಿಮ್ಮವ್ವನ ಒಲೆಯ ಗೋಡೆ, ಕೊಟ್ಟಿಗೆ ಹೋಗುತ್ತವೆ. ಬಸಿ ಅಂತ ತೀರ್ಮಾನವಾದರೆ ಅದು ಸ್ವಂತದ ಕಾಲುವೆ, ಅಕ್ಕಪಕ್ಕದವರ ಒಪ್ಪಿಗೆ ಮಾತಿಗಷ್ಟೆ, ಕೇಳುವವರಿಲ್ಲ. ಅಣ್ಣ ಮಾರನೆಯ ದಿನವೇ ಜೆಸಿಬಿ ತಂದು ನೇರ ಮಾಡುತ್ತಾನೆ, ಮೊದಲ ದೊಡ್ಡ ಮಳೆಗೆ ಅದೇ ಗೋಡೆ ನೀರಿಗೆ ಹೋಗುತ್ತದೆ. ಯಾವ ಹೆಸರಿಟ್ಟರೂ ಬೀಳುವುದು ಅದೇ ಗೋಡೆ. ಶಾಲೆಯಲ್ಲಿ ಮಕ್ಕಳಿಗೆ, ಪ್ರಶ್ನೆಯನ್ನು ಸರಿಯಾಗಿ ಓದಿದರೆ ಉತ್ತರ ಅಲ್ಲೇ ಇರುತ್ತದೆ ಅಂತ ಹೇಳುತ್ತಿರುತ್ತೇನೆ. ಈ ಪ್ರಶ್ನೆಯನ್ನು ನಾನು ಎಷ್ಟು ಓದಿದರೂ ಉತ್ತರ ಸಿಗುತ್ತಿಲ್ಲ.

ಅರ್ಧ ಮಾತ್ರ ಸಿಕ್ಕಿದೆ. ಅದನ್ನು ಮಾಡಿದ್ದೇನೆ. ತನಿಖೆ ಮುಗಿದ ಮೇಲೆ ಜಗಲಿಯಲ್ಲಿ ಕೂತು ಅಣ್ಣನಿಗೆ ಹೇಳಿದೆ. "ಆ ಹೊಲದಲ್ಲಿ ನನ್ನ ಪಾಲೂ ಇದೆ. ಬಸಿ ಅಂತಾದರೂ ಅದರ ತಿರುವು ತೆಗೆಯೋಕೆ ನಾನು ಒಪ್ಪಲ್ಲ. ಬರೆದು ಕೊಟ್ಟಿದ್ದೀನಿ."

"ಯಾರ್ಗೆ ಬರ್ಕೊಟ್ಟೆ?"

"ಕಚೇರಿಗೆ. ಹಳ್ಳ ಅಂತ ಬರೆದದ್ದು ತಪ್ಪು, ಇದು ಬಸಿಗಾಲುವೆ, ಇದನ್ನು ಇರುವ ಹಾಗೇ ಬಿಡಬೇಕು, ಮೋರಿ ಮಾತ್ರ ದೊಡ್ಡದು ಮಾಡಿಸಿ ಅಂತ."

ಅಣ್ಣ ನನ್ನ ಕಡೆ ತಿರುಗಿದ. "ಮತ್ತೆ ಬರ್ದ್ಯಾ? ನಿನ್ ಕೈಗೆ ಪೆನ್ನು ಕೊಟ್ಟೋರ್ಗೆ ಮೊದ್ಲು ಒಡೀಬೇಕು" ಅಂದ. ಆಮೇಲೆ, "ಅಂದ್ರೆ ಅರಿಶಿನ ಕೊಳ್ತೋಗ್ಲಿ?" ಅಂದ.

"ಆ ಕೆಳಗಿನ ತುಂಡಿಗೆ ಈ ವರ್ಷ ಅರಿಶಿನ ಬೇಡ. ಭತ್ತ ಹಾಕು, ನಿಂತ ನೀರು ಅದಕ್ಕೆ ಬೇಕೇ ಬೇಕು."

"ನೀನು ಬರ್ತೀಯ ನಾಟಿಗೆ?" ಅಂದು ಎದ್ದು ಹೋದ. ಅವತ್ತಿನಿಂದ ಫೋನಿಲ್ಲ. ಅತ್ತಿಗೆ ಮಾತ್ರ, "ಬಾಯಿ ಬುಟ್ಟು ಏಳದಿಲ್ಲ ಅಷ್ಟೆ, ಕೆಳಗಿನ ತುಂಡು ಆಗೇ ಬುಟ್ಟವ್ರೆ" ಅಂತ ಹೇಳಿದರು. ಅದು ಒಪ್ಪಿಗೆಯೋ ಕೋಪವೋ ನನಗೆ ಗೊತ್ತಾಗಲಿಲ್ಲ.

ಉಳಿದ ಅರ್ಧಕ್ಕೆ ನೀನು ಬೇಕು. ಜುಲೈ ಹತ್ತಕ್ಕೆ ಚಾಮರಾಜನಗರದಲ್ಲಿ ವಿಚಾರಣೆ ಇದೆ. ಹಳ್ಳ ಅನ್ನುವ ಮಾತು ಎಲ್ಲಿಂದ ಬಂತು ಅನ್ನುವುದು ಅಲ್ಲಿ ಮುಖ್ಯವಾಗುತ್ತದೆ ಅಂತ ಶಂಕರ್ ಹೇಳಿದರು. ಹೋಗುವಾಗ ಅವರೇ ನನ್ನನ್ನು ಪಕ್ಕಕ್ಕೆ ಕರೆದು, "ನೋಡಿ, ನೀವೊಬ್ರೇ ಆಟದ ಹೆಸರು ಅಂದ್ರೆ, ಈಗ ತಪ್ಪಿಸ್ಕೊಳ್ಳೋಕೆ ಹೇಳ್ತಿದೀರ ಅಂತಾರೆ. ಇನ್ನೊಬ್ರು ಇದಾರಲ್ಲ, ಅವ್ರು ಬಂದು ಹೇಳಿದ್ರೆ ಬೇರೆ. ನೋಟಿಸಲ್ಲೂ ಅವ್ರ ಹೆಸರಿದೆ" ಅಂದರು.

ಹಾಗಾಗಿ ಕೇಳುತ್ತಿದ್ದೇನೆ. ಎರಡು ದಿನ ರಜೆ ಹಾಕಿ ಬರುತ್ತೀಯಾ? ಮಕ್ಕಳಾಗಿದ್ದಾಗ ಆಟಕ್ಕೆ ಇಟ್ಟುಕೊಂಡ ಹೆಸರು, ಅದು ಯಾವತ್ತೂ ಹಳ್ಳವಾಗಿರಲಿಲ್ಲ ಅಂತ ಹೇಳಿದರೆ ಸಾಕು. ಮಹಾಲಿಂಗ ನಿನಗೆ ಬರಬೇಡ ಅಂದಿರಬಹುದು. "ಅವ್ರು ಕೆಡ್ಸಿದ್ದನ್ನ ಅವ್ರೇ ಸರಿಮಾಡ್ಲಿ" ಅಂತ ನನ್ನೆದುರಿಗೇ ಅಂದ. ಅವನು ಅನ್ನುವುದರಲ್ಲಿ ತಪ್ಪಿಲ್ಲ. ಆದರೂ ಬಾ. ನನಗೋಸ್ಕರ ಅಲ್ಲ, ನಿಮ್ಮವ್ವನ ಗೋಡೆಗೋಸ್ಕರ.

ನಿಮ್ಮವ್ವನ ಆರೋಗ್ಯ ಚೆನ್ನಾಗಿದೆ. ಮಂಡಿ ನೋವಿಗೆ ನೀನು ಕಳಿಸಿದ ಮುಲಾಮು ಮುಗಿದಿದೆಯಂತೆ, ಬರುವಾಗ ತರಬೇಕಂತೆ. ನುಗ್ಗೆಮರ ಈ ಸಲ ವಿಪರೀತ ಕಾಯಿ ಬಿಟ್ಟಿದೆ. ನನಗೂ ಒಂದು ಕಟ್ಟು ಕೊಟ್ಟು ಕಳಿಸಿದರು. ಅದರ ಸಾರು ಮಾಡಿದ ದಿನ ನನಗೆ ಊಟ ಸೇರಲಿಲ್ಲ, ಮನೆಯವರು ಎರಡು ಸಲ ಬಡಿಸಿಕೊಂಡರು.

ನಿನ್ನ ಮಗಳು ಪಿಯುಸಿಗೆ ಸೇರಿದಳಲ್ಲ, ವಿಜ್ಞಾನ ತೆಗೆದುಕೊಂಡಳಂತೆ. ಅವಳಿಗೆ ನನ್ನ ಪ್ರೀತಿಯ ಹಾರೈಕೆ ತಿಳಿಸು. ಅವಳು ಅಂದುಕೊಂಡದ್ದೆಲ್ಲ ಓದುವಂತಾಗಲಿ, ಓದಿದ್ದು ಅವಳ ಕೈಹಿಡಿಯಲಿ. ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದಾಗಲಿ. ಡ್ಯೂಟಿಯ ನಡುವೆ ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ
ನಯನಾ

ತಾ.ಕ. ಲಕೋಟೆ ಅಂಟಿಸಲು ಹೋಗಿ ಮತ್ತೆ ತೆಗೆದೆ. ನಿಮ್ಮವ್ವ ಇನ್ನೂ ಏನೋ ಹೇಳಿದರು, ಶಂಕರ್ ಬರೆದುಕೊಳ್ಳಲಿಲ್ಲ ಅಂದೆನಲ್ಲ. ಅದನ್ನು ಬಿಟ್ಟು ಕಳಿಸಿದರೆ ಈ ಪತ್ರವೂ ಆ ಮಹಜರಿನ ಹಾಗೆಯೇ ಆಗುತ್ತದೆ.

ಅವರು ಅಂದದ್ದು ಇದು. "ಇವ್ರ ಅಜ್ಜಿ ಚಿಕ್ಕಮಲ್ಲಮ್ಮೋರು ನಮ್ ಶಾಂತಿಗೆ ಬಸಿ ದಾಟಿ ಇತ್ಲಾಗೆ ಬರ್ಬ್ಯಾಡ ಅಂದಿದ್ರು ಕಣಪ್ಪ. ಈ ಕೂಸ್ನೂ ನಮ್ ಕಡೆ ಬುಡ್ತಿರ್ಲಿಲ್ಲ. ಅದ್ಕೇ ಎರಡೂ ನೀರ್ನಾಗೇ ಕುಂತಿರವು." ಸಿಟ್ಟಿನಿಂದ ಹೇಳಲಿಲ್ಲ. ಯಾರಿಗಾದರೂ ಕೇಳಿಸಲಿ ಅಂತಲೂ ಹೇಳಲಿಲ್ಲ. ಶಂಕರ್ ಕೇಳಿದ್ದಕ್ಕೆ ಉತ್ತರ ಪೂರ್ತಿ ಮಾಡಿದರು, ಅಷ್ಟೆ. ಶಂಕರ್, "ಅದೆಲ್ಲ ಬ್ಯಾಡ ಬುಡಿ ತಾಯಿ" ಅಂದರು. ದೊಡ್ಡಪ್ಪ ಕೆರೆಯ ಕಡೆ ನೋಡುತ್ತಿದ್ದರು.

ಶಾಂತಿ, ಅಜ್ಜಿ ನನಗೆ ಹೇಳಿದ್ದೇ ಬೇರೆ. ಆ ಕಡೆ ಹಾವಿದೆ ಅಂದಿದ್ದರು. ನಾನು ನಂಬಿದ್ದೆ. ನೀನು ಬರದಿರುವುದಕ್ಕೆ ಕಾರಣ ಜಾತಿ ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ದೊಡ್ಡವಳಾದ ಮೇಲೂ ಹೊಳೆಯಲಿಲ್ಲ, ಅದಕ್ಕೆ ಏನು ಹೇಳಬೇಕೋ ಗೊತ್ತಿಲ್ಲ. ಸಂಕ್ರಾಂತಿ ರಜೆಯ ಚಳಿಗೆ ನನಗೆ ಹಲ್ಲು ಕಟಕಟ ಅನ್ನುತ್ತಿತ್ತು. "ಮೇಲೆ ಬಾರೇ, ನಮ್ಮ ಕಣದಲ್ಲಿ ಬಿಸಿಲಿದೆ" ಅಂತ ಕರೆಯುತ್ತಿದ್ದೆ. ನೀನು ನೀರಿನಲ್ಲಿ ಕಾಲಿಟ್ಟುಕೊಂಡು, "ಇಲ್ಲೇ ಚೆನ್ನಾಗದೆ" ಅನ್ನುತ್ತಿದ್ದೆ. ನಿನಗೆ ನೀರು ಅಂದರೆ ಅಷ್ಟು ಇಷ್ಟ ಅಂತ ನಾನು ಹಾಸ್ಟೆಲಿನಲ್ಲಿ ಎಲ್ಲರಿಗೂ ಹೇಳಿದ್ದೆ.

ಹಳ್ಳ ಅಂತ ಮೊದಲು ಕರೆದದ್ದು ನಾನೋ ನೀನೋ? ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಆಟಕ್ಕೆ ಇಟ್ಟ ಹೆಸರು ಅಂತ ಮೇಲೆ ಬರೆದೆ, ನೀನೂ ಹಾಗೆಯೇ ಹೇಳಬೇಕು ಅಂತ ಕೇಳಿಕೊಂಡೆ. ಅದು ನನಗೆ ಆಟವಾಗಿತ್ತು. ನಿನಗೂ ಆಗಿತ್ತೋ ಇಲ್ಲವೋ ನಾನು ಯಾವತ್ತೂ ಕೇಳಿ ತಿಳಿದುಕೊಂಡಿಲ್ಲ.

ವಿಚಾರಣೆಯಲ್ಲಿ ಕೇಳಿದರೆ ಆಟ ಅಂತಲೇ ಹೇಳು. ನಿಮ್ಮವ್ವನ ಗೋಡೆ ಉಳಿಯಬೇಕು. ಹೊರಗೆ ಬಂದ ಮೇಲೆ ನನಗೆ ಬೇರೆ ಏನಾದರೂ ಹೇಳುವುದಿದ್ದರೆ, ಅದನ್ನೂ ಹೇಳು.